ಕುದುರೆ ಮೇಲೆ ಸೋನ್-ಕುಲ್: ಪದೇ ಪದೇ ಕೇಳುವ ಪ್ರಶ್ನೆಗಳು

ಕಿರ್ಗಿಸ್ತಾನದ ಬೆಟ್ಟಗಳಲ್ಲಿ ಎರಡು ಬೇಸಿಗೆ ಕುದುರೆ ಮೇಲೆ ಸುತ್ತಿ ಬಂದೆ. ಆಮೇಲಿಂದ ಮದುವೆ ಮನೆಯಲ್ಲಿ ಊಟಕ್ಕೆ ಕೂತರೂ ಪಕ್ಕದವರು ಇದನ್ನೇ ಕೇಳುತ್ತಾರೆ. ಹೇಳಿದ್ದನ್ನೇ ಎಷ್ಟು ಸಲ ಹೇಳುವುದು? ಹಾಗಾಗಿ ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟು ಇಲ್ಲಿ ಬರೆದಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಹತ್ತರಲ್ಲಿ ಒಂಬತ್ತು ಜನ ಕುದುರೆಗೆ ಹೆದರುತ್ತಾರೆ. ಚಳಿಯ ಬಗ್ಗೆ ಯಾರೂ ಕೇಳುವುದಿಲ್ಲ. ನನ್ನ ಪ್ರಕಾರ ಇದು ತಿರುಗಾಮುರುಗಾ ಆಗಬೇಕು.

## ಹೋಗುವುದೋ ಬೇಡವೋ ಅನ್ನುವವರಿಗೆ

ಅದೆಲ್ಲಿದೆ? ಹೆಸರೇ ಕೇಳಿಲ್ಲವಲ್ಲ!

ಕಿರ್ಗಿಸ್ತಾನ ಮಧ್ಯ ಏಷ್ಯಾದ ಸಣ್ಣ ದೇಶ. ಹೆಚ್ಚಿನ ಭಾಗವೆಲ್ಲ ತಿಯೆನ್ ಶಾನ್ ಬೆಟ್ಟಗಳು. ಸೋನ್-ಕುಲ್ ಅಲ್ಲಿನ ನರಿನ್ ಪ್ರಾಂತ್ಯದ ಒಂದು ಸರೋವರ. ನೀರಿನ ಮಟ್ಟವೇ ಸಮುದ್ರದಿಂದ 3,016 ಮೀಟರ್ ಮೇಲೆ. ಉದ್ದ ಸುಮಾರು 29 ಕಿಲೋಮೀಟರ್, ಅಗಲ 18. ಇಸಿಕ್-ಕುಲ್ ಬಿಟ್ಟರೆ ಆ ದೇಶದ ದೊಡ್ಡ ಸರೋವರ ಇದೇ. ಸುತ್ತ ಒಂದು ಮರವೂ ಇಲ್ಲ, ಬರೀ ಹುಲ್ಲು. ಬೇಸಿಗೆಯಲ್ಲಿ ಕುರುಬರು ಕೆಳಗಿನ ಹಳ್ಳಿಗಳಿಂದ ಕುರಿ, ಕುದುರೆ, ದನ ಹೊಡೆದುಕೊಂಡು ಇಲ್ಲಿಗೆ ಬರುತ್ತಾರೆ. ಈ ಬೇಸಿಗೆ ಹುಲ್ಲುಗಾವಲಿಗೆ ಅವರು 'ಜೈಲೂ' ಅನ್ನುತ್ತಾರೆ.

ಬೆಳಗಾವಿ, ಬಾಗಲಕೋಟೆ ಕಡೆ ಕುರಿಹಿಂಡಿನ ಜೊತೆ ತಟ್ಟು ಕುದುರೆ ಮೇಲೆ ಮನೆಸಾಮಾನು ಹೇರಿಕೊಂಡು ಊರೂರು ಹೋಗುವವರನ್ನು ನೋಡಿದ್ದೀರಲ್ಲ? ಆ ಬದುಕನ್ನು ಮೂರು ಸಾವಿರ ಮೀಟರ್ ಮೇಲಕ್ಕೆ ಎತ್ತಿಟ್ಟಂತೆ ಊಹಿಸಿಕೊಳ್ಳಿ.

ಜೀವಮಾನದಲ್ಲಿ ಕುದುರೆ ಹತ್ತಿಲ್ಲ. ನನ್ನಿಂದ ಆಗುತ್ತಾ?

ಆಗುತ್ತದೆ. ಅಲ್ಲಿಗೆ ಬರುವ ಅರ್ಧಕ್ಕರ್ಧ ಜನ ಹಾಗೇ ಬರುತ್ತಾರೆ. ಕಿರ್ಗಿಸ್ ಕುದುರೆ ಗಿಡ್ಡ, ಗಟ್ಟಿ, ಬೆಟ್ಟದ ದಾರಿ ನಿಮಗಿಂತ ಚೆನ್ನಾಗಿ ಬಲ್ಲದ್ದು. ದಿನವಿಡೀ ನಡಿಗೆಯಲ್ಲೇ ಹೋಗುತ್ತದೆ, ಗಂಟೆಗೆ ಐದಾರು ಕಿಲೋಮೀಟರ್. ಮದುವೆ ದಿಬ್ಬಣದ ಕುದುರೆ ಮೇಲೆ ಕೂತಷ್ಟೇ ಅನುಭವ ಇದ್ದರೂ ಸಾಕು.

ಆದರೆ ಹೋಗುವ ಮುಂಚೆ ನಾಲ್ಕೈದು ಪಾಠ ತೆಗೆದುಕೊಂಡರೆ ಒಳ್ಳೆಯದು. ಬೆಂಗಳೂರಿನ ಸುತ್ತ ಸವಾರಿ ಕಲಿಸುವ ಶಾಲೆಗಳಿವೆ. ಸವಾರಿ ಬರುತ್ತದೆ ಅಂತಲ್ಲ. ತೊಡೆಯ ಯಾವ ಮಾಂಸಖಂಡ ನೋಯುತ್ತದೆ ಅನ್ನುವುದು ಮೊದಲೇ ಗೊತ್ತಾಗುತ್ತದೆ.

ಕಾರು ಸೀದಾ ಕೆರೆ ತನಕ ಹೋಗುತ್ತಂತಲ್ಲ, ಮತ್ತೆ ಕುದುರೆ ಯಾಕೆ?

ಹೋಗುತ್ತದೆ, ನಿಜ. ಬೇಸಿಗೆಯಲ್ಲಿ ಕಣಿವೆ, ಅಂದರೆ ಎರಡು ಬೆಟ್ಟಗಳ ನಡುವಿನ ಎತ್ತರದ ಹಾದಿ, ದಾಟಿ ಹೋಗುವ ಮಣ್ಣಿನ ರಸ್ತೆ ಇದೆ. ಕಾರಿನಲ್ಲಿ ಹೋದರೆ ಸರೋವರ ನೋಡಿಕೊಂಡು ಬರಬಹುದು. ಕುದುರೆ ಮೇಲೆ ಹೋದರೆ ಎರಡನೆಯ ದಿನ ಮಧ್ಯಾಹ್ನ, ಕಣಿವೆಯ ನೆತ್ತಿ ಹತ್ತಿ ಏದುಸಿರು ಬಿಡುತ್ತಿರುವಾಗ, ಕೆಳಗೆ ಇದ್ದಕ್ಕಿದ್ದ ಹಾಗೆ ನೀಲಿ ಬಯಲು ಕಾಣುತ್ತದೆ. ಕಾರಿನಲ್ಲಿ ಹೋದವರ ಮೇಲೆ ನನಗೇನೂ ಸಿಟ್ಟಿಲ್ಲ. ಮಂಡಿನೋವು ಇರುವವರು ಹಾಗೇ ಹೋಗಲಿ.

ಯಾವ ತಿಂಗಳು ಒಳ್ಳೇದು?

ಜೂನ್ ಮಧ್ಯದಿಂದ ಸೆಪ್ಟೆಂಬರ್ ಮೊದಲ ವಾರದವರೆಗೆ. ಅದಕ್ಕಿಂತ ಮುಂಚೆ ಹೋದರೆ ಕಣಿವೆಯಲ್ಲಿ ಹಿಮ ಇರುತ್ತದೆ, ಕುರುಬರೇ ಬಂದಿರುವುದಿಲ್ಲ. ಸೆಪ್ಟೆಂಬರ್ ಕೊನೆಗೆ ಎಲ್ಲರೂ ಗುಡಾರ ಕಿತ್ತುಕೊಂಡು ಇಳಿದುಬಿಡುತ್ತಾರೆ. ಚಳಿಗಾಲದಲ್ಲಿ ಸರೋವರ ಪೂರ್ತಿ ಹೆಪ್ಪುಗಟ್ಟುತ್ತದೆ. ಜೂನ್ ಕೊನೆಯಲ್ಲಿ ಹೂವು ಜಾಸ್ತಿ, ಜುಲೈ-ಆಗಸ್ಟ್‌ನಲ್ಲಿ ಜನ ಜಾಸ್ತಿ. ನನಗೆ ಇಷ್ಟವಾದದ್ದು ಆಗಸ್ಟ್ ಕೊನೆಯ ವಾರ. ಹುಲ್ಲು ಹೊಂಬಣ್ಣಕ್ಕೆ ತಿರುಗಿರುತ್ತದೆ, ಆಕಾಶ ತಿಳಿಯಾಗಿರುತ್ತದೆ. ನಮ್ಮಲ್ಲಿ ಮಳೆಗಾಲ ಇರುವಾಗ ಅಲ್ಲಿ ಬೇಸಿಗೆ, ಅದೂ ಅನುಕೂಲವೇ.

ಎಷ್ಟು ದಿನ ರಜೆ ಹಾಕಬೇಕು? ದಾರಿ ಹೇಗೆ?

ಕುದುರೆ ಮೇಲೆ ಮೂರು ದಿನ, ಎರಡು ರಾತ್ರಿ. ಓಡಾಟ ಎಲ್ಲ ಸೇರಿ ಎಂಟು ದಿನ ಇಟ್ಟುಕೊಳ್ಳಿ.

ರಾಜಧಾನಿ ಬಿಷ್ಕೆಕ್‌ನಿಂದ ಕೊಚ್ಕೋರ್ ಎಂಬ ಊರಿಗೆ ಮಿನಿಬಸ್ಸಿನಲ್ಲಿ ಮೂರು-ನಾಲ್ಕು ಗಂಟೆ. ಈ ಮಿನಿಬಸ್ಸಿಗೆ ಅಲ್ಲಿ 'ಮರ್ಷ್‌ರೂತ್ಕಾ' ಅನ್ನುತ್ತಾರೆ. ಸೀಟು ತುಂಬಿದ ಮೇಲೆ ಹೊರಡುತ್ತದೆ, ನಮ್ಮ ಟೆಂಪೋಗಳ ಹಾಗೇ. ಕೊಚ್ಕೋರ್‌ನಲ್ಲಿ ಒಂದು ರಾತ್ರಿ ಉಳಿದು ಮರುದಿನ ಕಾರಿನಲ್ಲಿ ಕಿಜಾರ್ಟ್ ಎಂಬ ಹಳ್ಳಿಗೆ ಹೋಗಬೇಕು. ಕುದುರೆ ಹತ್ತುವುದು ಅಲ್ಲಿ. ಮೊದಲ ದಿನ ನಾಲ್ಕು ಗಂಟೆ ಸವಾರಿ ಮಾಡಿ ಕಿಲೆಮ್ಚೆ ಎಂಬ ಜೈಲೂನಲ್ಲಿ ಮಲಗುತ್ತೀರಿ. ಎರಡನೆಯ ದಿನ ಸುಮಾರು 3,400 ಮೀಟರ್ ಎತ್ತರದ ಜಲ್ಗಿಜ್-ಕರಗಾಯ್ ಕಣಿವೆ ದಾಟಿ ಸರೋವರದ ಉತ್ತರ ದಡದ ಬಾತಾಯ್-ಅರಾಲ್ ತಲುಪುತ್ತೀರಿ. ಮೂರನೆಯ ದಿನ ಬೇರೆ ಕಣಿವೆ ದಾಟಿ ವಾಪಸ್. ಸಾಧ್ಯವಾದರೆ ಸರೋವರದ ಬಳಿ ಇನ್ನೊಂದು ರಾತ್ರಿ ಸೇರಿಸಿ. ಅಷ್ಟು ದೂರ ಹೋಗಿ ಬೆಳಗ್ಗೆ ಎದ್ದು ಓಡಿ ಬರುವುದರಲ್ಲಿ ಅರ್ಥವಿಲ್ಲ.

ವೀಸಾ, ವಿಮಾನ ಹೇಗೆ?

ನಮಗೆ ವೀಸಾ ಬೇಕು. ಇ-ವೀಸಾ ವ್ಯವಸ್ಥೆ ಇದೆ. ನಿಯಮ ಆಗಾಗ ಬದಲಾಗುತ್ತದೆ, ಟಿಕೆಟ್ ತೆಗೆಯುವ ಮೊದಲೇ ಸರ್ಕಾರಿ ಜಾಲತಾಣ ನೋಡಿ. ದೆಹಲಿಯಿಂದ ನೇರ ವಿಮಾನ ಇದ್ದಾಗ ಮೂರು-ಮೂರೂವರೆ ಗಂಟೆಯ ಹಾರಾಟ. ಬೆಂಗಳೂರಿನಿಂದ ದೆಹಲಿಗೆ ಹೋಗಿದ್ದಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ! ಕಜಾಕಿಸ್ತಾನದ ಅಲ್ಮಾಟಿಗೆ ಹೋಗಿ ಅಲ್ಲಿಂದ ರಸ್ತೆಯಲ್ಲಿ ಬರುವವರೂ ಇದ್ದಾರೆ. ಗಡಿಯಾರವನ್ನು ಅರ್ಧ ಗಂಟೆ ಮುಂದೆ ತಿರುಗಿಸಿದರೆ ಸಾಕು.

ಖರ್ಚು ಎಷ್ಟಾಗುತ್ತೆ?

ದರ ಪ್ರತಿ ಬೇಸಿಗೆ ಏರುತ್ತದೆ, ಹಾಗಾಗಿ ಅಂಕಿ ಹೇಳುವುದಿಲ್ಲ. ಲೆಕ್ಕ ಹಾಕುವ ರೀತಿ ಹೇಳುತ್ತೇನೆ. ನಿಮ್ಮ ಕುದುರೆಗೆ ದಿನಕ್ಕಿಷ್ಟು. ಗೈಡ್‌ಗೆ ದಿನಕ್ಕಿಷ್ಟು. ಗೈಡ್ ಕೂತ ಕುದುರೆಗೂ ನೀವೇ ಕೊಡಬೇಕು. ಇದನ್ನು ಮರೆತು ಕೊನೆಗೆ ಜಗಳಕ್ಕೆ ನಿಲ್ಲುವವರನ್ನು ನೋಡಿದ್ದೇನೆ. ಮಲಗುವುದಕ್ಕೆ, ರಾತ್ರಿ ಊಟ, ಬೆಳಗಿನ ತಿಂಡಿಗೆ ತಲೆಗಿಷ್ಟು. ಮಧ್ಯಾಹ್ನದ ಊಟ ಬೇರೆ. ಕಿಜಾರ್ಟ್‌ಗೆ ಕಾರು ಬೇರೆ. ಗೈಡ್ ಖರ್ಚು ಹಂಚಿಹೋಗುವುದರಿಂದ ಮೂರು-ನಾಲ್ಕು ಜನ ಸೇರಿ ಹೋದರೆ ಅಗ್ಗ.

ಅಲ್ಲಿನ ಹಣ ಸೋಮ್. ನಾನು ಹೋದಾಗ ಒಂದು ಸೋಮ್ ಹೆಚ್ಚುಕಡಿಮೆ ಒಂದು ರೂಪಾಯಿ, ಲೆಕ್ಕ ಸಲೀಸು. ಕೊಚ್ಕೋರ್ ಬಿಡುವ ಮುಂಚೆ ಪೂರ್ತಿ ನಗದು ಇಟ್ಟುಕೊಳ್ಳಿ. ಮೇಲೆ ಸ್ಕ್ಯಾನ್ ಮಾಡಿ ದುಡ್ಡು ಕೊಡುವ ಆಟ ನಡೆಯುವುದಿಲ್ಲ. ಕೊಚ್ಕೋರ್‌ನಲ್ಲಿ ಹಳ್ಳಿಯವರೇ ಸೇರಿ ನಡೆಸುವ ಪ್ರವಾಸ ಕಚೇರಿ ಇದೆ, ಸಿಬಿಟಿ ಅಂತ. ದರಪಟ್ಟಿ ಗೋಡೆ ಮೇಲೇ ಇರುತ್ತದೆ. ಖಾಸಗಿಯವರೂ ಇದ್ದಾರೆ. ಎರಡು ಕಡೆ ವಿಚಾರಿಸಿ.

ನನ್ನ ತೂಕ 98 ಕೆಜಿ. ಕುದುರೆಗೆ ಪಾಪ ಅಲ್ವಾ?

ಕೇಳಿದ್ದೇ ಒಳ್ಳೆಯದಾಯಿತು, ಯಾರೂ ಕೇಳುವುದಿಲ್ಲ. ಕುದುರೆಯ ತೂಕದ ಐದನೇ ಒಂದು ಭಾಗಕ್ಕಿಂತ ಜಾಸ್ತಿ ಹೇರಬಾರದು ಅನ್ನುವುದು ಸವಾರರ ಸಾಮಾನ್ಯ ಲೆಕ್ಕ. ಜೀನು, ಚೀಲ ಎಲ್ಲ ಸೇರಿ. ಸಣ್ಣ ಕುದುರೆಗೆ 90 ಕೆಜಿ ದಾಟಿದರೆ ಕಷ್ಟ. ನಿಮ್ಮ ತೂಕವನ್ನು ಬುಕ್ ಮಾಡುವಾಗಲೇ ಹೇಳಿ, ನಾಚಿಕೆ ಬೇಡ. ದೊಡ್ಡ ಕುದುರೆ ಹುಡುಕಿ ಕೊಡುತ್ತಾರೆ. ಕಡಿದಾದ ಇಳಿಜಾರಿನಲ್ಲಿ ಇಳಿದು ನಡೆಯಿರಿ. ಚೀಲ ಹಗುರ ಮಾಡಿ.

ಅಪ್ಪ ಅಮ್ಮ, ಮಕ್ಕಳನ್ನು ಕರೆದುಕೊಂಡು ಹೋಗಬಹುದಾ?

ಹತ್ತು ವರ್ಷ ದಾಟಿದ ಮಕ್ಕಳು ನಮಗಿಂತ ಬೇಗ ಕಲಿಯುತ್ತಾರೆ. ಚಿಕ್ಕವರನ್ನು ಗೈಡ್ ತನ್ನ ಮುಂದೆ ಕೂರಿಸಿಕೊಳ್ಳುತ್ತೇನೆ ಅನ್ನುತ್ತಾನೆ. ಮೂರು ದಿನ ಹಾಗೆ ಹೋಗುವುದು ನನಗೆ ಸರಿ ಕಾಣುವುದಿಲ್ಲ. ಅಪ್ಪ ಅಮ್ಮನಿಗೆ ಅರವತ್ತೈದು ದಾಟಿದ್ದರೆ ಕಾರಿನಲ್ಲಿ ಸರೋವರಕ್ಕೆ ಕಳಿಸಿ, ನೀವು ಕುದುರೆಯಲ್ಲಿ ಬಂದು ಸೇರಿಕೊಳ್ಳಿ. ಅಲ್ಲೇ ದಡದಲ್ಲಿ ಒಂದು ಗಂಟೆ ಅವರೂ ಸವಾರಿ ಮಾಡಲಿ. ಬಿಪಿ, ಹೃದಯದ ತೊಂದರೆ ಇದ್ದರೆ ಆ ಎತ್ತರದಲ್ಲಿ ರಾತ್ರಿ ಉಳಿಯುವ ಮೊದಲು ಡಾಕ್ಟರನ್ನು ಕೇಳಲೇಬೇಕು.

ಹೆಂಗಸರು ಒಬ್ಬರೇ ಹೋಗಬಹುದಾ? ಆ ದೇಶ ಸೇಫಾ?

ಒಂಟಿಯಾಗಿ ಬಂದ ಹೆಂಗಸರನ್ನು ದಾರಿಯಲ್ಲಿ ಬೇಕಾದಷ್ಟು ನೋಡಿದೆ. ಜೈಲೂನಲ್ಲಿ ನೀವು ಇರುವುದು ಒಂದು ಸಂಸಾರದ ಜೊತೆ, ಯಜಮಾನಿಯ ಕಣ್ಣೆದುರಿಗೆ. ಮಲಗುವ ಗುಡಾರವನ್ನು ಬೇರೆ ಪ್ರವಾಸಿಗಳ ಜೊತೆ ಹಂಚಿಕೊಳ್ಳಬೇಕಾಗಬಹುದು. ಹೆಂಗಸರದ್ದೇ ಬೇಕು ಅಂದರೆ ಮೊದಲೇ ಹೇಳಿ. ಗೈಡ್ ಸಂಜೆ ವೋಡ್ಕಾ ಕುಡಿಯುವವನಾ ಅಂತ ಕಚೇರಿಯಲ್ಲಿ ಕೇಳುವುದರಲ್ಲಿ ತಪ್ಪೇನಿಲ್ಲ. ಹೆಣ್ಣು ಗೈಡ್‌ಗಳೂ ಇದ್ದಾರೆ.

ಪಟ್ಟಣದ ಮಾತು ಬೇರೆ. 2024ರ ಮೇ ತಿಂಗಳಲ್ಲಿ ಬಿಷ್ಕೆಕ್‌ನಲ್ಲಿ ವಿದೇಶಿ ವಿದ್ಯಾರ್ಥಿಗಳಿದ್ದ ಹಾಸ್ಟೆಲ್‌ಗಳ ಮೇಲೆ ಗುಂಪು ದಾಳಿ ನಡೆದಿತ್ತು. ಅಲ್ಲಿ ವೈದ್ಯಕೀಯ ಓದುವ ಭಾರತದ ಮಕ್ಕಳು ಸಾವಿರಾರು ಇದ್ದಾರೆ, ನಮ್ಮ ಕಡೆಯವರೂ ಇದ್ದಾರೆ. ಹೊರಡುವ ಮುಂಚೆ ಸುದ್ದಿ ನೋಡಿ, ಬಿಷ್ಕೆಕ್‌ನಲ್ಲಿ ನಡುರಾತ್ರಿ ಸುಮ್ನೆ ಅಡ್ಡಾಡಬೇಡಿ.

## ಊಟ, ನಿದ್ದೆ, ಚಳಿ

ನಾವು ಸಸ್ಯಾಹಾರಿಗಳು. ಉಪವಾಸವೇ ಗತಿಯಾ?

ಉಪವಾಸ ಬೀಳುವುದಿಲ್ಲ, ಆದರೆ ಬೇಜಾರಾಗುತ್ತದೆ. ಮೂರು ಸಾವಿರ ಮೀಟರ್ ಮೇಲೆ ತರಕಾರಿ ಬೆಳೆಯುವುದಿಲ್ಲ. ಅವರ ಊಟವೆಲ್ಲ ಕುರಿ ಮಾಂಸ ಮತ್ತು ಹಾಲಿನ ಸುತ್ತಲೇ. ನಿಮಗೆ ಸಿಗುವುದು ರೊಟ್ಟಿ, ಕೈಮಾಕ್ ಅಂದರೆ ದಪ್ಪ ಕೆನೆ, ಜಾಮ್, ಮೊಟ್ಟೆ, ಆಲೂಗಡ್ಡೆ, ಸೌತೆಕಾಯಿ-ಟೊಮೆಟೊ, ಗಂಜಿ. ಬೋರ್ಸೋಕ್ ಅಂತ ಎಣ್ಣೆಯಲ್ಲಿ ಕರಿದ ಹಿಟ್ಟಿನ ತುಂಡುಗಳು ಇರುತ್ತವೆ. ನಮ್ಮ ಶಂಕರಪೋಳೆಯ ಮೆತ್ತನೆಯ ತಮ್ಮ ಅನ್ನಬಹುದು. ಕೈಮಾಕ್ ಹಚ್ಚಿ ತಿಂದರೆ ಸ್ವರ್ಗ.

ತೊಂದರೆ ಎಲ್ಲಿ ಅಂದರೆ, "ಮಾಂಸ ಬೇಡ" ಅಂದರೆ ತುಂಡುಗಳನ್ನು ಎತ್ತಿಟ್ಟು ಅದೇ ಸಾರು ಬಡಿಸುತ್ತಾರೆ. ಅವರ ಲೆಕ್ಕದಲ್ಲಿ ಅದು ಮಾಂಸವಿಲ್ಲದ ಊಟ! ಸಾರೂ ಬೇಡ, ಕೊಬ್ಬೂ ಬೇಡ ಅಂತ ಗೈಡ್ ಬಾಯಲ್ಲಿ ಹೇಳಿಸಿ, ಅದೂ ಹೊರಡುವ ಮುಂಚೆಯೇ. ಜೊತೆಗೆ ಚಟ್ನಿಪುಡಿ, ಅವಲಕ್ಕಿ, ಗೊಜ್ಜಿನ ಪ್ಯಾಕೆಟ್ ಇರಲಿ. ಬಿಸಿನೀರು ಯಾವಾಗ ಬೇಕಾದರೂ ಸಿಗುತ್ತದೆ, ಟೀ ಇಲ್ಲದ ಗಂಟೆಯೇ ಇಲ್ಲ. ನನ್ನ ಶೇಂಗಾ ಚಟ್ನಿಪುಡಿ ಎರಡನೆಯ ದಿನಕ್ಕೇ ಖಾಲಿ. ಮನೆಯ ಅಜ್ಜಿ ಕೆನೆಯ ಮೇಲೆ ಉದುರಿಸಿಕೊಂಡು ತಿಂದುಬಿಟ್ಟರು.

ಕುದುರೆ ಹಾಲು ಕುಡೀತಾರಂತೆ. ಕುದುರೆಯನ್ನೂ ತಿಂತಾರಂತೆ. ನಿಜಾನಾ?

ಎರಡೂ ನಿಜ. ಬೇಸಿಗೆಯಲ್ಲಿ ಹೆಣ್ಣು ಕುದುರೆಗಳನ್ನು ದಿನಕ್ಕೆ ಐದಾರು ಸಲ ಕರೆಯುತ್ತಾರೆ, ಒಂದು ಸಲಕ್ಕೆ ಸ್ವಲ್ಪವೇ ಹಾಲು. ಮರಿಗಳನ್ನು ಉದ್ದ ಹಗ್ಗಕ್ಕೆ ಸಾಲಾಗಿ ಕಟ್ಟಿರುತ್ತಾರೆ. ಹಾಲನ್ನು ತೊಗಲಿನ ಚೀಲಕ್ಕೋ ಪೀಪಾಯಿಗೋ ಹಾಕಿ, ಕಡೆದು ಕಡೆದು ಹುಳಿ ಬರಿಸಿದರೆ ಕಿಮಿಜ್ ಆಗುತ್ತದೆ. ಮೂರು ದಿನದ ಹುಳಿ ಮಜ್ಜಿಗೆಗೆ ಸೋಡಾ ಬೆರೆಸಿ, ಹೊಗೆಯ ವಾಸನೆ ಹಿಡಿಸಿದ ಹಾಗೆ ರುಚಿ. ಅದರಲ್ಲಿ ಸ್ವಲ್ಪ ಅಮಲೂ ಇರುತ್ತದೆ. ಮೊದಲ ದಿನ ಅರ್ಧ ಬಟ್ಟಲಿಗಿಂತ ಜಾಸ್ತಿ ಕುಡಿಯಬೇಡಿ, ಹೊಟ್ಟೆ ಕೆಡುತ್ತದೆ. ಅದನ್ನು ಕಡೆಯುವ ಕಡಗೋಲಿಗೆ 'ಬಿಷ್ಕೆಕ್' ಅಂತಲೇ ಹೆಸರು. ರಾಜಧಾನಿಗೆ ಆ ಹೆಸರು ಬಂದದ್ದು ಅದರಿಂದಲೇ ಅಂತ ಅಲ್ಲಿಯವರು ಹೇಳುತ್ತಾರೆ.

ಕುದುರೆ ಮಾಂಸ ಅಲ್ಲಿ ಹಬ್ಬದ ಅಡುಗೆ, ದುಬಾರಿ. ನಿಮ್ಮನ್ನು ಹೊತ್ತ ಕುದುರೆಯನ್ನು ಸಂಜೆ ಬಡಿಸುವುದಿಲ್ಲ, ಧೈರ್ಯವಾಗಿರಿ.

ಯುರ್ಟ್ ಅಂದರೆ ಟೆಂಟ್ ತರಾನಾ?

ಟೆಂಟಿಗಿಂತ ಮನೆಗೆ ಹತ್ತಿರ. ಕಿರ್ಗಿಸರು 'ಬೊಜ್ ಉಯ್' ಅನ್ನುತ್ತಾರೆ, ಬೂದುಬಣ್ಣದ ಮನೆ ಅಂತ ಅರ್ಥ. ಮರದ ಜಾಲರಿ ಗೋಡೆ, ಬಾಗಿದ ಗಳಗಳು, ಮೇಲೆ ಕುರಿ ಉಣ್ಣೆಯ ದಪ್ಪ ಹೊದಿಕೆ. ನೇಯ್ದ ಕಂಬಳಿ ಅಲ್ಲ ಅದು. ಉಣ್ಣೆಯನ್ನು ನೆನೆಸಿ, ತುಳಿದು, ಉರುಳಿಸಿ ಹಾಳೆಯ ಹಾಗೆ ಮಾಡಿದ್ದು. ನೆತ್ತಿಯಲ್ಲಿ ಹೊಗೆ ಹೋಗಲು ಮರದ ಬಳೆ. ಅದರ ಹೆಸರು ತುಂದುಕ್, ಅವರ ರಾಷ್ಟ್ರಧ್ವಜದ ನಡುವೆ ಇರುವುದೂ ಅದೇ. ಒಳಗೆ ಕಬ್ಬಿಣದ ಒಲೆ. ಮರ ಇಲ್ಲದ ಜಾಗ, ಸೌದೆ ಎಲ್ಲಿಂದ ಬರಬೇಕು? ಬೆರಣಿಯೇ ಉರುವಲು. ಹಳ್ಳಿಯಲ್ಲಿ ಬೆಳೆದವರಿಗೆ ಆ ವಾಸನೆಗೆ ಅಜ್ಜಿ ಮನೆ ನೆನಪಾಗುತ್ತದೆ.

ಹೊಸ್ತಿಲ ಮೇಲೆ ನಿಲ್ಲಬೇಡಿ. ಚಪ್ಪಲಿ ಹೊರಗೆ. ರೊಟ್ಟಿಯನ್ನು ಬೋರಲು ಹಾಕಬೇಡಿ. ಟೀ ಅರ್ಧ ಬಟ್ಟಲು ಮಾತ್ರ ಕೊಟ್ಟರೆ ಜಿಪುಣತನ ಅಂದುಕೊಳ್ಳಬೇಡಿ. ಮತ್ತೆ ಮತ್ತೆ ಹಾಕಿ ಉಪಚರಿಸುವುದಕ್ಕೆ ಹಾಗೆ ಮಾಡುತ್ತಾರೆ.

ಬಾತ್‌ರೂಮ್ ಕತೆ ಏನು?

ಐವತ್ತು ಹೆಜ್ಜೆ ದೂರದಲ್ಲಿ ತಗಡಿನದ್ದೋ ಹಲಗೆಯದ್ದೋ ಗೂಡು, ಒಳಗೆ ಗುಂಡಿ. ರಾತ್ರಿ ಟಾರ್ಚ್ ಬೇಕು. ಸ್ನಾನ ಮೂರು ದಿನ ಇಲ್ಲ ಅಂತಲೇ ಇಟ್ಟುಕೊಳ್ಳಿ. ಕೆಲವು ಕ್ಯಾಂಪ್‌ಗಳಲ್ಲಿ ಬಿಸಿನೀರಿನ ಕೋಣೆ ಇರುತ್ತದೆ.

ಚಳಿ ಎಷ್ಟಿರುತ್ತೆ? ಏನೇನು ತಗೊಂಡು ಹೋಗಬೇಕು?

ಅಂತೂ ಈ ಪ್ರಶ್ನೆ ಬಂತು. ಜುಲೈನಲ್ಲೂ ರಾತ್ರಿ ಸೊನ್ನೆಯ ಹತ್ತಿರ ಇಳಿಯುತ್ತದೆ. ಯಾವ ತಿಂಗಳಲ್ಲಿ ಬೇಕಾದರೂ ಆಲಿಕಲ್ಲು, ಹಿಮ ಬೀಳಬಹುದು. ನಡೆಯುವವರಿಗೆ ಮೈ ಬಿಸಿಯಾಗುತ್ತದೆ. ಕುದುರೆ ಮೇಲೆ ಕೂತವರಿಗೆ ಆಗುವುದಿಲ್ಲ. ಗಾಳಿಗೆ ಎದೆಯೊಡ್ಡಿ ಐದು ಗಂಟೆ ಸುಮ್ಮನೆ ಕೂತಿರುತ್ತೀರಿ. ನಮ್ಮ ಚಾರಣಿಗರು ತಪ್ಪುವುದು ಇಲ್ಲೇ. ಕುಮಾರಪರ್ವತ ಹತ್ತಿದ ಬಟ್ಟೆಯಲ್ಲೇ ಬಂದುಬಿಡುತ್ತಾರೆ.

ಮೈಗಂಟುವ ಥರ್ಮಲ್, ಅದರ ಮೇಲೆ ಉಣ್ಣೆಯದ್ದೋ ಫ್ಲೀಸ್‌ನದ್ದೋ ಅಂಗಿ, ಮೇಲೆ ಹಗುರ ಡೌನ್ ಜಾಕೆಟ್, ಎಲ್ಲದರ ಮೇಲೆ ಮಳೆ ತಡೆಯುವ ಜಾಕೆಟ್ಟು ಮತ್ತು ಪ್ಯಾಂಟು. ಕೈಗವಸು ಎರಡು ಜೊತೆ, ಒದ್ದೆಯಾದರೆ ಲಗಾಮು ಹಿಡಿಯಲಾಗುವುದಿಲ್ಲ. ಟೋಪಿ, ಕಿವಿಗೆ ಮಫ್ಲರ್. ಬಿಸಿಲು ಬೇರೆ ಸುಡುತ್ತದೆ. ನಾವು ಕಪ್ಪಗಿದ್ದೇವೆ ಏನಾಗಲ್ಲ ಅಂತ ಸನ್‌ಸ್ಕ್ರೀನ್ ಬಿಟ್ಟು ಹೋದೆ, ಮೂಗಿನ ಚರ್ಮ ಸುಲಿದು ಬಂತು. ಪ್ಲಾಸ್ಟಿಕ್ ಪೊಂಚೊ ಮಾತ್ರ ಬೇಡ. ಗಾಳಿಗೆ ಪಟಪಟ ಅಂದರೆ ಕುದುರೆ ಬೆದರುತ್ತದೆ. ಮೋಡ ಕಂಡರೆ ಹತ್ತುವ ಮೊದಲೇ ಮಳೆ ಜಾಕೆಟ್ ಹಾಕಿಕೊಳ್ಳಿ.

ಸಾಮಾನು ಹೋಗುವುದು ಜೀನಿನ ಹಿಂದೆ ಎರಡೂ ಬದಿಗೆ ಇಳಿಬಿಡುವ ಚೀಲದಲ್ಲಿ. ಹಿಂದೆ ನಮ್ಮಲ್ಲಿ ಪ್ರಯಾಣಕ್ಕೆ ಹೆಗಲಿಗೆ ಹಾಕುತ್ತಿದ್ದ ಹಸುಬೆ ಚೀಲ ಗೊತ್ತಲ್ಲ, ಅದೇ ಮಾದರಿ. ಎರಡು ಕಡೆ ಸಮತೂಕ ಇರಬೇಕು. ದೊಡ್ಡ ಸೂಟ್‌ಕೇಸನ್ನು ಕೊಚ್ಕೋರ್‌ನಲ್ಲೇ ಬಿಟ್ಟುಹೋಗಿ.

ಅಷ್ಟು ಎತ್ತರದಲ್ಲಿ ಉಸಿರು ಕಟ್ಟಲ್ವಾ?

ನಮ್ಮ ರಾಜ್ಯದ ಅತಿ ಎತ್ತರದ ಜಾಗ ಮುಳ್ಳಯ್ಯನಗಿರಿ, ಸುಮಾರು 1,930 ಮೀಟರ್. ಕೊಚ್ಕೋರ್ ಊರೇ 1,800 ಮೀಟರ್‌ನಲ್ಲಿದೆ. ಅಂದರೆ ಬೆಟ್ಟ ಶುರುವಾಗುವುದೇ ನಮ್ಮ ಬೆಟ್ಟ ಮುಗಿಯುವ ಹತ್ತಿರ. ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಕೆಲವರಿಗೆ ಆಗುತ್ತದೆ. ಕೊಚ್ಕೋರ್‌ನಲ್ಲಿ ಒಂದು ರಾತ್ರಿ, ಕಿಲೆಮ್ಚೆಯಲ್ಲಿ ಒಂದು ರಾತ್ರಿ ಉಳಿದು ಮೇಲೆ ಹೋದರೆ ಮೈ ಒಗ್ಗಿಕೊಳ್ಳುತ್ತದೆ. ಕಾರಿನಲ್ಲಿ ಬಿಷ್ಕೆಕ್‌ನಿಂದ ಒಂದೇ ದಿನ ಮೇಲೆ ಬಂದವರೇ ರಾತ್ರಿ ಜಾಸ್ತಿ ನರಳುವುದು. ನೀರು ಕುಡಿಯಿರಿ, ವೋಡ್ಕಾ ಬೇಡ. ತಲೆನೋವಿನ ಜೊತೆ ನಡಿಗೆ ತಡಬಡಿಸಿದರೆ, ಕೂತಲ್ಲೇ ಏದುಸಿರು ಬಂದರೆ ಬೆಳಗಾಗಲಿ ಅಂತ ಕಾಯಬೇಡಿ. ಕಾರು ಕರೆಸಿ ಕೆಳಗಿಳಿಯಿರಿ.

## ಜೀನಿನ ಮೇಲೆ

ಕುದುರೆ ನನ್ನ ಮಾತು ಕೇಳುತ್ತಾ? ಕನ್ನಡ ಬರಲ್ವಲ್ಲ ಅದಕ್ಕೆ!

ಒಂದೇ ಪದ ಕಲಿತರೆ ಸಾಕು: "ಚು!" ಹೊರಡು ಅಂತ. ಮೆಲ್ಲಗೆ ಹೇಳಿದರೆ ಕುದುರೆ ಕಿವಿಯನ್ನೂ ಅಲ್ಲಾಡಿಸುವುದಿಲ್ಲ, ಗಟ್ಟಿಯಾಗಿ ಹೇಳಬೇಕು. ನಿಲ್ಲಿಸಲು ಲಗಾಮನ್ನು ಸಮವಾಗಿ ಹಿಂದೆಳೆದು ಸಡಿಲ ಬಿಡಿ. ಅಲ್ಲಿ ಲಗಾಮನ್ನು ಒಂದೇ ಕೈಯಲ್ಲಿ ಹಿಡಿಯುತ್ತಾರೆ, ತಿರುಗಬೇಕಾದ ಕಡೆಗೆ ಕೈ ಸರಿಸುತ್ತಾರೆ. ಹತ್ತುವುದು ಎಡಗಡೆಯಿಂದ. ಹಿಂದಿನಿಂದ ಹತ್ತಿರ ಹೋಗಬೇಡಿ, ಒದೆ ಬೀಳುತ್ತದೆ.

ಏರಿನಲ್ಲಿ ಮುಂದೆ ಬಾಗಿ, ಇಳಿಜಾರಿನಲ್ಲಿ ಹಿಂದೆ ವಾಲಿ. ಕುದುರೆ ತಲೆ ತಗ್ಗಿಸಿ ಹುಲ್ಲಿಗೆ ಬಾಯಿ ಹಾಕಿದರೆ ತಕ್ಷಣ ಎತ್ತಿ. ಒಂದು ಸಲ ಬಿಟ್ಟರೆ ಮುಗಿಯಿತು, ಮೇಲೆ ಕೂತವನು ಮೆತ್ತಗಿನವನು ಅಂತ ಅದಕ್ಕೆ ತಿಳಿದುಬಿಡುತ್ತದೆ. ನನ್ನ ಮೊದಲ ದಿನದ ಅರ್ಧ ಹೀಗೇ ಹೋಯಿತು.

ನಿಮ್ಮ ಕುದುರೆ ಹೆಸರೇನು?

ಮಕ್ಕಳೆಲ್ಲ ಮೊದಲು ಕೇಳುವುದು ಇದನ್ನೇ. ಸಾಮಾನ್ಯವಾಗಿ ಹೆಸರಿಡುವುದಿಲ್ಲ, ಬಣ್ಣದಿಂದ ಕರೆಯುತ್ತಾರೆ. ಕಪ್ಪಾದರೆ 'ಕರಾ', ಕಂದು ಮೈ ಕಪ್ಪು ಬಾಲವಾದರೆ 'ತೋರು', ಕೆಂಚಾದರೆ 'ಜೇರ್ದೆ', ಬೂದಾದರೆ 'ಬೊಜ್'. ನಮ್ಮಲ್ಲಿ ದನಗಳನ್ನು ಕೆಂಪಿ, ಕರಿಯ, ಕಪಿಲೆ ಅಂದ ಹಾಗೆ. ನನ್ನದು ತೋರು.

ತೊಡೆ ಕಿತ್ತುಹೋಗುತ್ತೆ, ಕೂರೋಕೇ ಆಗಲ್ಲ ಅಂತಾರೆ?

ಎರಡನೆಯ ದಿನ ಬೆಳಗ್ಗೆ ಹಾಗೇ ಅನ್ನಿಸುತ್ತದೆ. ಹೊಲಿಗೆ ಇಲ್ಲದ ಒಳಚಡ್ಡಿ ಅಥವಾ ಸೈಕಲ್ ಚಡ್ಡಿ ಹಾಕಿ, ಮೇಲೆ ಉದ್ದ ಪ್ಯಾಂಟು. ದಪ್ಪ ಹೊಲಿಗೆಯ ಜೀನ್ಸ್ ಬೇಡವೇ ಬೇಡ. ವ್ಯಾಸಲೀನನ್ನು ಉರಿ ಶುರುವಾದ ಮೇಲಲ್ಲ, ಮೊದಲೇ ಹಚ್ಚಿ. ಮಂಡಿ ನೋವಿಗೆ ಮುಕ್ಕಾಲು ಪಾಲು ಕಾರಣ ರಿಕಾಬು, ಅಂದರೆ ಕಾಲಿಡುವ ಬಳೆ, ಗಿಡ್ಡವಾಗಿರುವುದು. ಗೈಡನ್ನು ಕರೆದು ಪಟ್ಟಿ ಉದ್ದ ಮಾಡಿಸಿ. ಪಾದದ ಮುಂಭಾಗ ಮಾತ್ರ ರಿಕಾಬಿನಲ್ಲಿ ಇರಲಿ, ಹಿಮ್ಮಡಿ ಕೆಳಗೆ. ಗಂಟೆಗೊಮ್ಮೆ ಇಳಿದು ಹತ್ತು ನಿಮಿಷ ನಡೆದರೆ ನಿಮ್ಮ ಬೆನ್ನಿಗೂ ಕುದುರೆ ಬೆನ್ನಿಗೂ ಒಳ್ಳೆಯದು.

ಬಿದ್ದರೆ?

ಬೀಳುವುದು ಅಪರೂಪ, ಬಿದ್ದರೆ ಆಸ್ಪತ್ರೆ ದೂರ. ಹಾಗಾಗಿ ಹೆಲ್ಮೆಟ್. ಅಲ್ಲಿಯವರು ಹಾಕುವುದಿಲ್ಲ, ಕೇಳಿದರೆ ನಗುತ್ತಾರೆ. ನಗಲಿ ಬಿಡಿ. ಅವರು ನಡೆಯುವ ಮೊದಲೇ ಕುದುರೆ ಹತ್ತಿದವರು, ಮೇಕೆಯ ಕಳೇಬರವನ್ನು ಕುದುರೆ ಮೇಲಿಂದ ಎಳೆದಾಡುವ ಕೋಕ್-ಬೊರು ಆಡುವವರು. ನಮಗೂ ಅವರಿಗೂ ಹೋಲಿಕೆಯೇ? ಕೊಚ್ಕೋರ್‌ನಲ್ಲಿ ಹೆಲ್ಮೆಟ್ ಸಿಗುತ್ತದಾ ಅಂತ ಮೊದಲೇ ಕೇಳಿ, ಇಲ್ಲದಿದ್ದರೆ ಒಯ್ಯಿರಿ.

ದೊಡ್ಡ ಅಪಾಯ ಬೀಳುವುದಕ್ಕಿಂತ ಕಾಲು ರಿಕಾಬಿನಲ್ಲಿ ಸಿಕ್ಕಿಹಾಕಿಕೊಳ್ಳುವುದು. ಅಗಲ ಸೋಲಿನ ಭಾರೀ ಟ್ರೆಕಿಂಗ್ ಬೂಟು ಬೇಡ. ಸಣ್ಣ ಹಿಮ್ಮಡಿ ಇರುವ, ಕಣಕಾಲು ಮುಚ್ಚುವ ಶೂ ಸಾಕು. ಹಗ್ಗವನ್ನಾಗಲಿ ಲಗಾಮನ್ನಾಗಲಿ ಕೈಗೆ ಸುತ್ತಿಕೊಳ್ಳಬೇಡಿ. ಫೋಟೋ ತೆಗೆಯಬೇಕಾದರೆ ಕುದುರೆ ನಿಲ್ಲಿಸಿ. ವಿಮೆಯಲ್ಲಿ ಕುದುರೆ ಸವಾರಿ ಸೇರಿದೆಯಾ, ಎಷ್ಟು ಮೀಟರ್ ಎತ್ತರದವರೆಗೆ ಅಂತ ಸಣ್ಣ ಅಕ್ಷರ ಓದಿ. ಬಹಳಷ್ಟು ಪಾಲಿಸಿಗಳಲ್ಲಿ ಇರುವುದಿಲ್ಲ.

ಕೊಟ್ಟ ಕುದುರೆ ಚೆನ್ನಾಗಿದೆ ಅಂತ ಹೇಗೆ ಗೊತ್ತಾಗುತ್ತೆ?

ಜೀನು ಹಾಕುವ ಮೊದಲು ಹೋಗಿ ನಿಲ್ಲಿ. ಬೆನ್ನಿನ ಮೇಲೆ ಕೈಯಾಡಿಸಿ ನೋಡಲು ಗೈಡ್‌ಗೆ ಹೇಳಿ. ಹಸಿ ಗಾಯ, ಊತ ಇದ್ದರೆ ಬೇರೆ ಕುದುರೆ ಕೇಳಿ. ಕುಂಟುತ್ತಿದೆಯಾ, ಲಾಳ ಅಲ್ಲಾಡುತ್ತಿದೆಯಾ ನೋಡಿ. ಜೀನಿನ ಕೆಳಗಿನ ಕಂಬಳಿಯಲ್ಲಿ ಮಡಿಕೆ, ಕಡ್ಡಿ ಇರಬಾರದು. ಹೊರಟ ಇಪ್ಪತ್ತು ನಿಮಿಷಕ್ಕೆ ಹೊಟ್ಟೆಯ ಪಟ್ಟಿ ಸಡಿಲವಾಗುತ್ತದೆ, ಕುದುರೆ ಕಟ್ಟುವಾಗ ಹೊಟ್ಟೆ ಉಬ್ಬಿಸಿಕೊಂಡಿರುತ್ತದೆ, ಕಳ್ಳ! ಇಳಿದು ಮತ್ತೊಮ್ಮೆ ಬಿಗಿ ಮಾಡಿಸಿ.

ಮೊದಲ ಸಲ ನಮಗೆ ಕೊಟ್ಟ ಒಂದು ಕುದುರೆಯ ಬೆನ್ನಲ್ಲಿ ಅಂಗೈ ಅಗಲದ ಗಾಯ ಇತ್ತು. ಸಂಜೆ ಜೀನು ಇಳಿಸಿದಾಗಲೇ ಕಂಡದ್ದು. ಅದರ ಮೇಲೆ ಐದು ಗಂಟೆ ಕೂತಿದ್ದ ಗೆಳೆಯ ಆ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ, ಮರುದಿನ ಪೂರ್ತಿ ನಡೆದ.

## ಇನ್ನೂ ಮುಂದೆ ಹೋಗುವವರಿಗೆ

ಯುರ್ಟ್ ಬೇಡ, ಸ್ವಂತ ಟೆಂಟ್ ಹಾಕಬಹುದಾ?

ಹಾಕಬಹುದು. ಹತ್ತಿರದ ಕುರುಬರನ್ನು ಒಂದು ಮಾತು ಕೇಳಿ ಹಾಕಿ. ಅವರ ನಾಯಿಗಳಿಗೆ ನಿಮ್ಮ ಪರಿಚಯವಾದ ಹಾಗೂ ಆಗುತ್ತದೆ. ಆ ನಾಯಿಗಳು ತೋಳ ಓಡಿಸುವಂಥವು, ಕತ್ತಲಲ್ಲಿ ಗೊತ್ತಿಲ್ಲದ ಹಿಂಡಿನ ಹತ್ತಿರ ಹೋಗಬೇಡಿ. ಸರೋವರದ ದಡದಲ್ಲಿ ಗಾಳಿಗೆ ತಡೆಯೇ ಇಲ್ಲ, ಗಟ್ಟಿ ಟೆಂಟ್ ಬೇಕು. ಚೀಲದಂಥ ಹಾಸಿಗೆ ಸೊನ್ನೆಗಿಂತ ಕೆಳಗೂ ತಡೆಯುವಂಥದ್ದಿರಲಿ. ಗ್ಯಾಸ್ ಡಬ್ಬಿ ವಿಮಾನದಲ್ಲಿ ಬಿಡುವುದಿಲ್ಲ, ಬಿಷ್ಕೆಕ್‌ನಲ್ಲೇ ಕೊಳ್ಳಿ. ತೊರೆ ಎಷ್ಟೇ ತಿಳಿಯಾಗಿ ಕಂಡರೂ ಮೇಲೆ ಸಾವಿರ ಕುರಿ ಮೇಯುತ್ತಿರುತ್ತವೆ. ಕುದಿಸಿ ಅಥವಾ ಸೋಸಿ ಕುಡಿಯಿರಿ.

ಹೊಳೆ ದಾಟುವಾಗ ಏನು ಮಾಡಬೇಕು?

ಹೊಳೆ ಬೆಳಗ್ಗೆ ಸಣ್ಣದು, ಮಧ್ಯಾಹ್ನ ದೊಡ್ಡದು. ಬಿಸಿಲಿಗೆ ಹಿಮ ಕರಗಿ ಬರುವ ನೀರು ಅದು. ದೊಡ್ಡ ಹೊಳೆ ಇರುವ ದಿನ ಬೇಗ ಹೊರಡಿ. ಗೈಡ್ ಮೊದಲು ದಾಟಲಿ, ಅವನ ದಾರಿಯಲ್ಲೇ ಹೋಗಿ. ಲಗಾಮು ಸಡಿಲ ಬಿಡಿ, ಕುದುರೆ ತಾನೇ ಹೆಜ್ಜೆ ಹುಡುಕಿಕೊಳ್ಳುತ್ತದೆ. ಕಣ್ಣು ಎದುರಿನ ದಡದ ಮೇಲಿರಲಿ. ಹರಿಯುವ ನೀರು ನೋಡಿದರೆ ತಲೆ ತಿರುಗುತ್ತದೆ, ಗೊತ್ತಿಲ್ಲದೆಯೇ ವಾಲಿಬಿಡುತ್ತೀರಿ.

ಕಣಿವೆ ಮೇಲೆ ಗುಡುಗು ಸಿಡಿಲು ಶುರುವಾದರೆ?

ಬೇಸಿಗೆಯ ಮಧ್ಯಾಹ್ನಗಳಲ್ಲಿ ಇದು ಮಾಮೂಲು. ಅದಕ್ಕೇ ಊಟದ ಹೊತ್ತಿಗೆ ಮುಂಚೆ ನೆತ್ತಿ ದಾಟುವ ಹಾಗೆ ಹೊರಡಬೇಕು. ಗುಡುಗು ಕೇಳಿಸಿದರೆ ಮೇಲೆ ಹೋಗಬೇಡಿ. ನೆತ್ತಿಯಲ್ಲಿ ಸಿಕ್ಕಿಬಿದ್ದರೆ ಕುದುರೆ ಮೇಲಿಂದ ಇಳಿದು, ತಗ್ಗಿನ ಕಡೆಗೆ ನಡೆಸಿಕೊಂಡು ಹೋಗಿ. ಬಯಲಿನಲ್ಲಿ ಎತ್ತರವಾಗಿ ಕೂತಿರುವವರು ನೀವೇ ಅಲ್ವಾ?

ಗೈಡ್ ಬೇಡ. ಸಂತೆಯಲ್ಲಿ ಕುದುರೆ ಕೊಂಡು ನಾವೇ ಸುತ್ತಿದರೆ?

ಕರಾಕೋಲ್ ಊರಿನಲ್ಲಿ ಭಾನುವಾರ ಬೆಳಬೆಳಗ್ಗೆ ದನದ ಸಂತೆ ನಡೆಯುತ್ತದೆ. ಅಲ್ಲಿ ಕುದುರೆ ಕೊಂಡು, ತಿಂಗಳುಗಟ್ಟಲೆ ಸುತ್ತಿ, ಮಾರಿ ಹೋಗುವ ವಿದೇಶಿಯರಿದ್ದಾರೆ. ಚಿಂತಾಮಣಿ ಸಂತೆಯಲ್ಲಿ ಎತ್ತು ಕೊಳ್ಳಲು ಬರುವವರಿಗೆ ಆ ವಾತಾವರಣ ಹೊಸದೇನಲ್ಲ. ಹಲ್ಲು ನೋಡಿ ವಯಸ್ಸು ಹೇಳಲು ಬರದವರಿಗೆ ಟೋಪಿ ಬೀಳುತ್ತದೆ.

ಕೊಳ್ಳುವುದು ಸುಲಭ, ರಾತ್ರಿ ಕಷ್ಟ. ಬೆವೆತ ಕುದುರೆಗೆ ತಕ್ಷಣ ತಣ್ಣೀರು ಕುಡಿಸುವುದಿಲ್ಲ ಅಲ್ಲಿ, ಕಟ್ಟಿ ಮೈ ಆರಲು ಬಿಡುತ್ತಾರೆ. ಆಮೇಲೆ ಮೇಯಲು ಗಂಟೆಗಟ್ಟಲೆ ಬೇಕು. ಉದ್ದ ಹಗ್ಗಕ್ಕೆ ಗೂಟ ಹೊಡೆದು ಕಟ್ಟಬೇಕು, ನಡುರಾತ್ರಿ ಎದ್ದು ಗೂಟ ಬದಲಿಸಬೇಕು. ಹಗ್ಗ ಕಾಲಿಗೆ ಸುತ್ತಿಕೊಂಡರೆ ಬಿಡಿಸಬೇಕು. ಬೆಳಗ್ಗೆ ಎದ್ದಾಗ ಕುದುರೆಯೇ ಇಲ್ಲದಿದ್ದರೆ ನಡೆದು ಹುಡುಕಬೇಕು. ವರ್ಷಗಟ್ಟಲೆ ಕುದುರೆ ಸಾಕಿದವರಿಗೆ ಸರಿ. ನನಗಂತೂ ಧೈರ್ಯವಿಲ್ಲ.

ಸೋನ್-ಕುಲ್ ಆಯಿತು. ಮುಂದೆ ಎಲ್ಲಿಗೆ?

ಇನ್ನೂ ದಕ್ಷಿಣಕ್ಕೆ, ಚೀನಾ ಗಡಿಯ ಕಡೆ. ತಾಷ್-ರಬಾತ್‌ನಲ್ಲಿ ಹಳೆಯ ವ್ಯಾಪಾರಿಗಳು ತಂಗುತ್ತಿದ್ದ ಕಲ್ಲಿನ ಛತ್ರ ಇದೆ, 15ನೇ ಶತಮಾನದ್ದು ಅನ್ನುತ್ತಾರೆ. ಅಲ್ಲಿಂದ ಕಣಿವೆ ಹತ್ತಿದರೆ ಚಾತಿರ್-ಕುಲ್ ಸರೋವರ ಕಾಣುತ್ತದೆ. ಇನ್ನೊಂದು ದಿಕ್ಕಿನಲ್ಲಿ ಕೋಲ್-ಸೂ, ಕಲ್ಲಿನ ಗೋಡೆಗಳ ನಡುವೆ ಸುಮಾರು 3,500 ಮೀಟರ್‌ನಲ್ಲಿರುವ ನೀರು. ಈ ಎರಡೂ ಸರೋವರಗಳಿರುವುದು ಗಡಿ ಪ್ರದೇಶದಲ್ಲಿ. ವೀಸಾ ಸಾಲದು, ಗಡಿ ಪರವಾನಗಿ ಬೇರೆ ಬೇಕು. ಅದನ್ನು ಪ್ರವಾಸ ಕಚೇರಿಯವರು ಮಾಡಿಸಿಕೊಡುತ್ತಾರೆ, ಆದರೆ ಒಂದೆರಡು ದಿನದಲ್ಲಿ ಆಗುವ ಕೆಲಸವಲ್ಲ. ವಾರಗಳ ಮುಂಚೆಯೇ ಪಾಸ್‌ಪೋರ್ಟ್ ಪ್ರತಿ ಕಳಿಸಿ.

ಆ ಕಡೆಗೆ ಹೋಗುವ ದಾರಿಯಲ್ಲಿ ಸಿಗುವ ಊರಿನ ಹೆಸರು ಅತ್-ಬಾಶಿ. ಅರ್ಥ ಕೇಳಿದೆ. 'ಅತ್' ಅಂದರೆ ಕುದುರೆ, 'ಬಾಶ್' ಅಂದರೆ ತಲೆ. ನಮ್ಮೂರ ಕಡೆಯೂ ಇದೇ ಹೆಸರಿನ ಬೆಟ್ಟ ಇದೆ ಅಂತ ಫೋನಿನಲ್ಲಿ ಕುದುರೆಮುಖದ ಫೋಟೋ ತೋರಿಸಿದೆ. ಗೈಡ್ ತುಂಬ ಹೊತ್ತು ನೋಡಿದ. ಆಮೇಲೆ ಕೇಳಿದ, "ಇಷ್ಟೊಂದು ಹುಲ್ಲಿದೆ, ಕುದುರೆಗಳೆಲ್ಲಿ?"